ಮೂರನೆಯ ಭಾಗದ ಚಪ್ಪಾಳೆ

ಅಂಕಲ್ ಅಂಗೈ ಜೋಳದ ರೊಟ್ಟಿ ಬಡಿಯಲಿಕ್ಕೇ ಮಾಡಿಸಿದ ಹಾಗಿತ್ತು. ಅಗಲ, ದಪ್ಪ, ಒಂದು ಬೆರಳು ಸೊಟ್ಟ. ಧಾರವಾಡದವರು. ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ತೈಲ ಕಂಪನಿಯ ಕೆಲಸಕ್ಕೆ ಹ್ಯೂಸ್ಟನ್ನಿಗೆ ಬಂದವರು. ಹ್ಯೂಸ್ಟನ್ ಹೊರವಲಯದ ಕೇಟಿಯಲ್ಲಿ ನಮ್ಮ ಪಕ್ಕದ ಮನೆ. ಅವರ ಕಾರಿನಲ್ಲಿ ಸದಾ ಒಬ್ಬನೇ ರಷ್ಯನ್ ಸಂಗೀತಗಾರ, ತೀರಿಕೊಂಡು ನೂರು ವರ್ಷ ದಾಟಿದವನು.

"ಊರವರು ಇವನ್ನ ಪರದೇಶಿ ಅಂದ್ರು. ಪರದೇಶದವರು ರಷ್ಯಾದ ಒರಟ ಅಂದ್ರು. ಈಗ ನೋಡು, ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕ ಈ ಅಮೆರಿಕದವರು ತೋಪು ಹಾರಸೂದು ಇವನ ಸಂಗೀತಕ್ಕ! ಎಲ್ಲೂ ಸಲ್ಲದಾಂವ ಎಲ್ಲಾ ಕಡೆ ಸಂದ," ಅನ್ನುತ್ತಿದ್ದರು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಹೊಟ್ಟೆ ಕಟ್ಟಿ ಓದಿದ್ದು, ಹೆಮ್ಮೆಯಿದೆ. ಆದರೂ ಇಂಥ ಸಂಗೀತ ನಮ್ಮಂಥವರಿಗಲ್ಲ ಅನ್ನುವ ಅಳುಕು ಹೋಗಿರಲಿಲ್ಲ.

"ಕಿವಿ ಅದಾವಿಲ್ಲೊ ತಮ್ಮಾ? ಸಾಕು, ನಡಿ," ಅಂತ ಒಂದು ಶನಿವಾರ ಡೌನ್‌ಟೌನಿನ ಸಂಗೀತ ಸಭಾಂಗಣಕ್ಕೆ ಎಳೆದುಕೊಂಡು ಹೋದರು.

ಆ ರಷ್ಯನ್ ಸಂಗೀತಗಾರನ ಕಟ್ಟಕಡೆಯ ಸಿಂಫನಿ, ದೊಡ್ಡ ವಾದ್ಯವೃಂದದ್ದು. ಮೂರನೆಯ ಭಾಗ ಮದುವೆ ಬ್ಯಾಂಡಿನ ಹಾಗೆ ಅಬ್ಬರಿಸಿ ನಿಂತಿತು. ಮುಗಿಯಿತೆಂದು ಚಪ್ಪಾಳೆ ಹೊಡೆದೆ. ಅಷ್ಟು ದೊಡ್ಡ ಹಾಲ್‌ನಲ್ಲಿ ನಾನೊಬ್ಬನೇ. ಇನ್ನೂ ಒಂದು ಭಾಗ ಬಾಕಿಯಿತ್ತು, ನಡುವೆ ಹೊಡೆಯಬಾರದಂತೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಪಕ್ಕದಲ್ಲೇ ರೊಟ್ಟಿ ಬಡಿಯುವ ಸದ್ದು. ಅಂಕಲ್ ಎರಡೂ ಕೈ ಮೇಲೆತ್ತಿ ಹೊಡೆಯುತ್ತಿದ್ದರು.

"ಗೊತ್ತಿದ್ದೂ ಯಾಕೆ ಹೊಡೆದ್ರಿ ಅಂಕಲ್?" ವಾಪಸು ಬರುವಾಗ ಕೇಳಿದೆ.

"ಮಾಸ್ಕೋದಾಗ ನಾನೂ ಹಿಂಗ ಹೊಡದಿದ್ದೆ. ಬಾಜೂ ಕುಂತಿದ್ದ ಮುದುಕಿ, ಗುರ್ತಿಲ್ಲ, ಪರಿಚಯಿಲ್ಲ, ನನ್ನ ಕೂಡ ತಾನೂ ಹೊಡದ್ಲು. ಯಾರನ್ನೂ ಒಬ್ಬನ್ನೇ ಬಿಡಬಾರದೋ ತಮ್ಮಾ."

ತೈಲದ ಬೆಲೆ ಬಿದ್ದು ಕೇಟಿಯಲ್ಲಿ ಮನೆಮನೆಗೂ ಕೆಲಸದ ಚಿಂತೆ ಹೊಕ್ಕ ವರ್ಷ ಅಂಕಲ್‌ಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಮುಂದಿನ ವಸಂತದಲ್ಲಿ ಅದೇ ಸಿಂಫನಿ ಮತ್ತೆ ಇದೆಯೆಂದು ತಿಳಿದವರೇ ನಮ್ಮಿಬ್ಬರಿಗೂ ಟಿಕೆಟ್ ತೆಗೆಸಿದರು. "ಅದನ್ನ ಕೇಳೇ ಹೋಗಾಂವ ನಾ. ಡಾಕ್ಟರ್‌ಗೂ ಹೇಳೀನಿ." ಆ ಒಂದು ಸಂಜೆಗಾಗಿ ಬೇಡವೆನ್ನದೆ ಗಂಜಿ ಕುಡಿದರು, ಸೂಜಿ ಚುಚ್ಚಿಸಿಕೊಂಡರು. ಆದರೆ ಜನವರಿಯಲ್ಲೇ ಹೋಗಿಬಿಟ್ಟರು.

ಅಂಕಲ್ ಹೆಂಡತಿ, ನಮ್ಮ ಆಂಟಿಗೆ, ಈ ಸಂಗೀತ ಕೇಳಿದರೆ ತಲೆನೋವು. ಆದರೂ, "ಅವರ ಸೀಟು ಖಾಲಿ ಬಿಡೂದು ಬ್ಯಾಡಪಾ," ಅಂತ ಇಳಕಲ್ ಸೀರೆಯುಟ್ಟು ನನ್ನ ಜೊತೆ ಬಂದು ಕೂತರು.

ಮೂರನೆಯ ಭಾಗ ಅಬ್ಬರಿಸಿ ನಿಂತಿತು. ಆಂಟಿ ಚಪ್ಪಾಳೆ ಹೊಡೆದರು. ಒಬ್ಬರೇ. ತಲೆಗಳು ತಿರುಗಿದವು. ನಾನು ಎರಡೂ ಕೈ ಮೇಲೆತ್ತಿ ಹೊಡೆದೆ, ಅಂಗೈ ಉರಿಯುವ ಹಾಗೆ.

ಕೊನೆಯ ಭಾಗ ಸಣ್ಣಗಾಗುತ್ತಾ, ಉಸಿರು ನಿಂತ ಹಾಗೆ ಆರಿಹೋಯಿತು. ಯಾರೂ ಮಿಸುಕಲಿಲ್ಲ.

"ಮುಗೀತೇನಪಾ?"

"ಮುಗೀತು ಆಂಟಿ. ಈಗ ಹೊಡೀಬಹುದು."

ಹಾಲ್‌ಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಂಟಿಯ ಕೈಗಳು ಮಾತ್ರ ಮಡಿಲಿನಿಂದ ಏಳಲಿಲ್ಲ.

ನಾನೂ ಹೊಡೆಯದೆ ಅವರ ಪಕ್ಕದಲ್ಲೇ ಕೂತೆ.