ಮಾಬೂಬಿ ಓದಿದ ನೆಲ

ಆಗೆಲ್ಲ ಮುಳಗುಂದದ ನಮ್ಮ ಶಾಲೆಗೆ ಬೆಂಚು ಎಂಬುದೇ ಗೊತ್ತಿರಲಿಲ್ಲ. ಫರಸಿಕಲ್ಲಿನ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದೆವು.

ನನ್ನ ಪಕ್ಕ ಮಾಬೂಬಿ. ಅವಳಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಅವಳ ಜಡೆಯಲ್ಲಿ ಸದಾ ಹತ್ತಿಯ ಎಳೆ. ಅದನ್ನು ಹೆಕ್ಕಿ ತೆಗೆದರೆ ನನಗೆ ಅವಳ ಬುತ್ತಿಯ ಶೇಂಗಾ ಹಿಂಡಿ ಸಿಗುತ್ತಿತ್ತು. ಕಣ್ಣಲ್ಲಿ ನೀರು ಬರುವಷ್ಟು ಖಾರದ ಚಟ್ನಿಪುಡಿ, ಆದರೂ ಬಿಡುತ್ತಿರಲಿಲ್ಲ. ಮೂರನೆಯ ತರಗತಿಯಲ್ಲಿ ಅವಳು ಆಗಲೇ ಒಮ್ಮೆ ನಪಾಸಾಗಿದ್ದಳು. ಈ ಸಲವೂ ಓದಲು ಬರದಿದ್ದರೆ ಶಾಲೆ ಬಿಡಿಸಿ ಗಾದಿ ಹೊಲಿಯಲು ಕೂರಿಸುವುದಾಗಿ ಅವಳಪ್ಪ ಹೇಳಿಬಿಟ್ಟಿದ್ದರು.

ಆದರೆ ಈ ವರ್ಷ ಮಾಬೂಬಿ ಪಟಪಟನೆ ಓದುತ್ತಿದ್ದಳು. ನನಗೋ ಹೊಟ್ಟೆಕಿಚ್ಚು. ಒಂದು ದಿನ ಅವಳು ಓದುವಾಗ ನಮ್ಮ ಅಕ್ಕೋರು, ಅಂದರೆ ಟೀಚರು, ಅವಳ ಬೆನ್ನ ಹಿಂದೆ ಬಂದು ನಿಂತರು. ಯಾರೋ ಓದಿ ಬಿಟ್ಟ ಹಳೆಯ ಪುಸ್ತಕ ಅವಳದು. ಅವಳು ಓದುತ್ತಿದ್ದ ಪಾಠದ ಹಾಳೆಯೇ ಅದರಲ್ಲಿರಲಿಲ್ಲ! ನಾನು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

ಈಗ ಬಿತ್ತು ಏಟು ಎಂದುಕೊಂಡೆವು. ಅಕ್ಕೋರು ಅವಳ ಪಕ್ಕ ನೆಲಕ್ಕೇ ಕುಳಿತರು.

“ಗಾದಿ ಹೆಂಗ ಹೊಲಿತಾರವಾ? ನನಗ ಹೇಳು.”

“ಮೊದ್ಲ ಹತ್ತಿ ಬಿಸಲಾಗ ಹಾಕಬೇಕ್ರಿ,” ಎಂದಳು ಮಾಬೂಬಿ, ಬಿಕ್ಕುತ್ತಲೇ.

ಅಕ್ಕೋರು ಆ ಮಾತನ್ನೇ ಸೀಮೆಸುಣ್ಣದಿಂದ ನೆಲದ ಮೇಲೆ ದೊಡ್ಡದಾಗಿ ಬರೆದರು. “ನಿಂದ ಮಾತೈತಿ. ಬೆರಳಿಟ್ಟು ಓದು.”

ಅಂದಿನಿಂದ ದಿನಕ್ಕೊಂದು ಸಾಲು. ಒಮ್ಮೆ ಹೆಡ್‌ಮಾಸ್ತರು ಇಣುಕಿ ನೋಡಿ, “ಇದು ಪುಸ್ತಕದಾಗಿನ ಕನ್ನಡ ಅಲ್ಲಲ್ರಿ ಅಕ್ಕೋರ,” ಎಂದರು.

“ಮೊದ್ಲ ಓದಾಕ ಬರ್ಲಿ ಸರ್. ಪುಸ್ತಕ ಎಲ್ಲಿ ಓಡಿಹೊಕ್ಕೈತಿ?”

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅಕ್ಕೋರು ತುಟಿ ಬಿಚ್ಚದೆ ಹೊಸ ಸಾಲು ಬರೆದರು. ಯಾರೂ ಅದನ್ನು ಓದಿ ಹೇಳಲಿಲ್ಲ. ಮಾಬೂಬಿ ಬೆರಳಿಟ್ಟು ತಡವರಿಸಿದಳು, ಹಿಂದಕ್ಕೆ ಹೋದಳು, ಮತ್ತೆ ಮುಂದೆ ಬಂದಳು. ಆಮೇಲೆ ಎದ್ದು ಹೋಗಿ ಕಿಟಕಿ ತೆರೆದಳು.

ನೆಲದ ಮೇಲೆ ಇದ್ದದ್ದು ಇಷ್ಟೇ: ‘ಮಾಬೂಬಿ, ಕಿಡಕಿ ತೆಗಿ, ಗಾಳಿ ಬರ್ಲಿ.’

ಅಂದು ನೆಲ ಒರೆಸುವ ಪಾಳಿ ನಮ್ಮದು. “ಅದೊಂದ ಸಾಲ ಅಳಸಬ್ಯಾಡ್ರೆ,” ಎಂದು ಅವಳು ಅಂಗಲಾಚಿದಳು. ನಾವು ಅದನ್ನು ಬಿಟ್ಟು ಸುತ್ತ ಒರೆಸಿದೆವು. ಪರೀಕ್ಷೆ ಮುಗಿಯುವವರೆಗೂ ಅದನ್ನು ಯಾರೂ ತುಳಿಯಲಿಲ್ಲ. ಮಾಬೂಬಿ ನನ್ನ ಜೊತೆಗೇ ನಾಲ್ಕನೆಯ ತರಗತಿಗೆ ಬಂದಳು.

ಮೊನ್ನೆ ಮೊಮ್ಮಗಳು ಹೇಳಿದಳು: “ಅಜ್ಜಿ, ನಮ್ಮ ಕ್ಲಾಸಿನ್ಯಾಗ ಒಬ್ಬಂಗ ಓದಾಕ ಬರಂಗಿಲ್ಲ. ಹಿಂದಿನ ಬೆಂಚಿಗೆ ಕುಂಡ್ರಿಸ್ಯಾರ.” ಅವರ ಶಾಲೆಯ ನೆಲ ಮುಖ ಕಾಣುವಷ್ಟು ಹೊಳೆಯುತ್ತದೆ. ಒಬ್ಬಳ ಸಾಲು ಅಳಿಯದಿರಲೆಂದು ತರಗತಿಗೆ ತರಗತಿಯೇ ಗೋಡೆಗೆ ಅಂಟಿಕೊಂಡು ನಡೆದದ್ದನ್ನು ನಾನು ಮತ್ತೆಲ್ಲೂ ನೋಡಲಿಲ್ಲ.