ಗಾಲಿಚೀಲಕ್ಕೆ ಹಿಡಿಸದ ರೊಟ್ಟಿ

ಮೂರು ದಿನದಿಂದ ನನ್ನ ಅಡಿಗೆಮನೆಯಲ್ಲಿ ಜೋಳದ ಹಿಟ್ಟಿನ ವಾಸನೆ ಸೋತಿದೆ. ಹೊಸ ಗಾಲಿಚೀಲದ ವಾಸನೆ ಗೆದ್ದಿದೆ. ಸೈಕಲ್ ಟಯರನ್ನೂ ಹೊಸ ಚಪ್ಪಲಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ತೆಗೆದಂಥ ವಾಸನೆ. ಚೀಲ ನೀಲಿ ಬಣ್ಣದ್ದು, ನನ್ನ ಮೊಣಕಾಲಿನಷ್ಟು ಎತ್ತರ, ಕೆಳಗೆ ಎರಡು ಗಾಲಿ, ಮೇಲೆ ಎಳೆದರೆ ಬರುವ ಹಿಡಿಕೆ. ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ತಪಾಸಣೆಗೆ ಬಂದ ಸಾಹೇಬನ ಹಾಗೆ ನಿಂತಿದೆ. ವಿಮಾನದಲ್ಲಿ ಮುಂದಿನವರ ಸೀಟಿನ ಕೆಳಗೆ, ನನ್ನ ಕಾಲ ಹತ್ತಿರ ಇರಬೇಕಾದ ಚೀಲ ಇದು. ನಾಳೆ ಹುಬ್ಬಳ್ಳಿಯಿಂದ ದಿಲ್ಲಿಗೆ ಹಾರುತ್ತೇನೆ. ಇಲ್ಲಿಯವರೆಗೆ ನಾನು ವಿಮಾನ ನೋಡಿದ್ದು ಕೆಳಗಿನಿಂದ, ಅದರ ಹೊಟ್ಟೆ ಮಾತ್ರ.

ಈ ಒಂದು ಚೀಲಕ್ಕೆ ಕೊಪ್ಪಳದಲ್ಲಿ ಎರಡು ಅಂಗಡಿ, ಗಂಗಾವತಿಯಲ್ಲಿ ಒಂದು ಅಂಗಡಿ ಹತ್ತಿ ಇಳಿದಿದ್ದೇನೆ. ಜನ ಚೀಲದ ಅಂಗಡಿಗೆ ಕೈ ಬೀಸಿಕೊಂಡು ಹೋಗುತ್ತಾರೆ. ನಾನು ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ ಹಿಡಿದುಕೊಂಡು ಹೋದೆ. ನಗುವವರು ನಕ್ಕುಬಿಡಿ, ಆಮೇಲೆ ಮುಂದೆ ಓದಿ. ಸೀರೆ ಕೊಳ್ಳುವಾಗ ರವಿಕೆ ಒಯ್ಯುವುದಿಲ್ಲವೇ? ಚೀಲದೊಳಗೆ ಹೋಗುವುದು ರೊಟ್ಟಿ ಅಂದ ಮೇಲೆ ಅಳತೆಗೆ ರೊಟ್ಟಿಯನ್ನೇ ಒಯ್ಯಬೇಕು.

ನನ್ನ ರೊಟ್ಟಿ ಒಂದೂವರೆ ಗೇಣು, ಅದರ ಮೇಲೆ ಎರಡು ಬೆರಳು. ಐವತ್ತು ವರ್ಷದಿಂದ ಅಷ್ಟೇ. ನಾನು ಬಡಿಯಲು ಕುಳಿತರೆ ಕೈ ತಾನೇ ಅಷ್ಟಕ್ಕೆ ಹೋಗಿ ನಿಲ್ಲುತ್ತದೆ, ಮನೆ ಗೊತ್ತಿರುವ ಎತ್ತಿನ ಹಾಗೆ. ಈ ಎರಡು ಬೆರಳಿನ ಮೇಲೆಯೇ ನನ್ನ ಜಗಳಗಳೆಲ್ಲ ನಡೆದಿವೆ. ಎಲ್ಲಕ್ಕೂ ದೊಡ್ಡ ಜಗಳ ನೀಲವ್ವನ ಜೊತೆ. ಈಗ ರೊಟ್ಟಿ ಹೊತ್ತು ಹೊರಟಿರುವುದೂ ಅವಳ ಹತ್ತಿರಕ್ಕೇ.

ನೀಲವ್ವ ನಮ್ಮ ಓಣಿಯವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಹೊಸ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಗುಮಾಸ್ತರು ಬಂದರು, ಗುಮಾಸ್ತರ ಹಿಂದೆ ಅವರ ಹಸಿವೂ ಬಂತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕಾಗದ ಹಿಡಿದು ಬಂದ ಜನ ಮಧ್ಯಾಹ್ನ ಸಾಹೇಬರಿಲ್ಲ ಅನ್ನಿಸಿಕೊಂಡು ಹೊರಗೆ ನಿಲ್ಲುತ್ತಿದ್ದರು. ನಾನೂ ನೀಲವ್ವನೂ ಒಂದು ತಗಡಿನ ಶೆಡ್ಡು ಹಿಡಿದು ಖಾನಾವಳಿ ಇಟ್ಟೆವು. ನಾನು ರೊಟ್ಟಿ, ಅವಳು ಪಲ್ಯ. ಅವಳ ಎಣ್ಣೆಗಾಯಿ ತಿಂದವನು ಮರುದಿನ ಕೆಲಸವಿಲ್ಲದಿದ್ದರೂ ಕಚೇರಿಗೆ ಬರುತ್ತಿದ್ದ. ಇದನ್ನು ನಾನು ಅವಳೆದುರು ಎಂದೂ ಹೇಳಿಲ್ಲ. ಹೇಳಿದ್ದರೆ ತಲೆ ಮೇಲೆ ಕೂರುತ್ತಿದ್ದಳು.

ಮೂರನೇ ವರ್ಷ ಅವಳು ಹೊಸ ಸ್ಟೀಲ್ ತಾಟು ತಂದಳು. ಪಲ್ಯಕ್ಕೊಂದು ಕುಳಿ, ಬ್ಯಾಳಿಗೊಂದು ಕುಳಿ, ಚಟ್ನಿಗೊಂದು ಕುಳಿ ಇರುವಂಥದ್ದು. ನೋಡಲು ಚಂದವಿತ್ತು. ಆದರೆ ನನ್ನ ರೊಟ್ಟಿ ಹಾಕಿದರೆ ಕುಳಿಗಳೆಲ್ಲ ಮುಚ್ಚಿಹೋಗಿ, ಉಣ್ಣುವವನು ಪಲ್ಯ ಹುಡುಕಬೇಕಾಗುತ್ತಿತ್ತು.

"ಯಕ್ಕಾ, ರೊಟ್ಟಿ ಎರಡ ಬೆರಳ ಸಣ್ಣದ ಬಡಿ," ಅಂದಳು.

"ತಾಟು ದೊಡ್ಡದ ತಗೊಂಡ ಬಾ," ಅಂದೆ.

"ತಾಟು ತಂದ ಆಗೇತಿ. ರೊಟ್ಟಿ ಇನ್ನಾ ಹಿಟ್ಟಿನ್ಯಾಗ ಐತಿ. ಯಾವದ ಬದಲ ಮಾಡೂದ ಸಸಾರ, ನೀನ ಹೇಳು."

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಆದರೂ ನಾನು ಕೇಳಲಿಲ್ಲ. ಕಡೆಗೆ ಅವಳು ಇನ್ನೊಂದು ದಾರಿ ಹೇಳಿದಳು. "ಹೋಗಲಿ ಬಿಡು, ಅಷ್ಟ ದೊಡ್ಡದ ಬಡಿ. ಮಡಚಿ ಹಾಕೂಣು."

ಅದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ಹಿಟ್ನಾಳದ ನನ್ನ ತವರುಮನೆಯಲ್ಲಿ ಮಡಚಿದ ರೊಟ್ಟಿ ಎಂದರೆ ಹೊಲಕ್ಕೆ ಕಟ್ಟುವ ಬುತ್ತಿ. ಮನೆಯಲ್ಲಿ ಕುಂತು ಉಣ್ಣುವವರಿಗೆ ರೊಟ್ಟಿಯನ್ನು ಬಿಚ್ಚಿಯೇ ಹಾಕಬೇಕು. ಕುಂತವನ ಮುಂದೆ ಮಡಚಿ ಇಟ್ಟರೆ ಎದ್ದು ನಡಿ ಎಂದ ಹಾಗೆ. ನಮ್ಮವ್ವ ಸಾಲ ಕೇಳಲು ಬಂದವರಿಗೂ ಬಿಚ್ಚಿಯೇ ಹಾಕುತ್ತಿದ್ದಳು.

"ನನ್ನ ಮನಿಗೆ ಉಣ್ಣಾಕ ಬಂದವರಿಗೆ ಬುತ್ತಿ ಕಟ್ಟಿ ಕಳಸೂದಿಲ್ಲ ನಾನು," ಅಂದೆ.

"ಇದು ಮನಿ ಅಲ್ಲಬೇ, ಖಾನಾವಳಿ!"

"ನಾ ರೊಟ್ಟಿ ಬಡಿಯೂ ಜಾಗ ಎಲ್ಲಾ ಮನೀನ."

ನೀಲವ್ವ ಸೆರಗು ಝಾಡಿಸಿ ಎದ್ದಳು. ಒಂದು ತಿಂಗಳೊಳಗೆ ಗಂಗಾವತಿಗೆ ಹೋಗಿ ತನ್ನದೇ ಖಾನಾವಳಿ ಇಟ್ಟಳು. ಸಣ್ಣ ರೊಟ್ಟಿ, ಕುಳಿಯ ತಾಟು. ಅದು ಭಾಳ ಛಲೋ ನಡೆಯಿತು ಎಂದು ಬಂದವರೆಲ್ಲ ನನಗೆ ಹೇಳಿದರು. ಕೇಳದಿದ್ದರೂ ಹೇಳಿದರು. ನನ್ನ ಖಾನಾವಳಿಯೂ ನಡೆಯಿತು. ಪಲ್ಯ ಮಾತ್ರ ಮೊದಲಿನಂತಿರಲಿಲ್ಲ. ಅದನ್ನೂ ಉಂಡವರೆಲ್ಲ ಹೇಳಿದರು. ಇಪ್ಪತ್ತು ವರ್ಷದ ಮೇಲಾಯಿತು, ನಾವಿಬ್ಬರೂ ಮಾತಾಡಲಿಲ್ಲ. ಗಂಗಾವತಿ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆ ಸಾಲದಷ್ಟು ದೂರ. ಆದರೂ ಹೋಗಲಿಲ್ಲ. ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ನಾನು ಮೊಂಡಿ, ಅವಳೂ ಮೊಂಡಿ.

ಈಚೆಗೆ ಒಂದು ಸಂಜೆ ಫೋನು ಬಂತು. ನೀಲವ್ವನ ಮಗಳು ದಿಲ್ಲಿಯಲ್ಲಿ ದವಾಖಾನೆಯ ನರ್ಸ್. ನೀಲವ್ವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದಿವೆ, ತನ್ನ ಹತ್ತಿರ ಕರೆದುಕೊಂಡು ಬಂದಿರುವುದಾಗಿ ಹೇಳಿದಳು. ಆಮೇಲೆ ಫೋನು ಅವ್ವನ ಕಿವಿಗೆ ಇಟ್ಟಳು.

"ಯಕ್ಕಾ," ಅಂದಳು ನೀಲವ್ವ. ಮಾತು ಒಂದು ಕಡೆಗೆ ಎಳೆಯುತ್ತಿತ್ತು. "ಇಲ್ಲಿ ರೊಟ್ಟಿ ಅಂತ ಗೋದಿದು ಕೊಡತಾರ. ಹಲ್ಲಿಗೆ ಕೆಲಸಾನ ಇಲ್ಲ. ನಿನ್ನ ಆ ಹಾಳ ದೊಡ್ಡ ರೊಟ್ಟಿ ತಿನ್ನಬೇಕ ಅನಸೇತಿ."

ನಾನು ಅಳುವ ಹೆಂಗಸಲ್ಲ. ಆ ರಾತ್ರಿಯೇ ಹಿಟ್ಟು ಜರಡಿ ಹಿಡಿದೆ. ಇಪ್ಪತ್ತೈದು ರೊಟ್ಟಿ ಬಡಿದು, ಒಣಗಿಸಿ, ಡಬ್ಬದಲ್ಲಿ ಕಟ್ಟಿ ಕೊರಿಯರಿಗೆ ಕೊಟ್ಟೆ. ಎಂಟು ದಿನಕ್ಕೆ ತಲುಪಿತು. ಮತ್ತೆ ಫೋನು ಬಂತು.

"ಯಕ್ಕಾ, ರೊಟ್ಟಿ ಕಳಿಸಿದ್ಯೋ, ನುಚ್ಚ ಕಳಿಸಿದ್ಯೋ? ಚಮಚಾದಲೆ ತಿಂದೆ."

ಅವತ್ತೇ ನಿರ್ಧಾರ ಮಾಡಿದೆ. ನಾನೇ ಹೋಗುತ್ತೇನೆ. ರೊಟ್ಟಿ ನನ್ನ ಕಾಲ ಹತ್ತಿರವೇ ಇರುತ್ತದೆ. ಬಸ್ಸಿನಲ್ಲಿ ಓಡಾಡಿದ ಕಾಲದಿಂದಲೂ ನಾನು ಬುಟ್ಟಿಯನ್ನು ಟಾಪಿಗೆ ಹಾಕಿದವಳಲ್ಲ. ಎರಡು ಕಾಲ ನಡುವೆ ಇಟ್ಟುಕೊಂಡು, ಕಂಡಕ್ಟರ್ ಬೈದರೆ ತಿರುಗಿ ಬೈದವಳು. ಅದನ್ನು ಈ ವಯಸ್ಸಿನಲ್ಲಿ ವಿಮಾನದ ಹೊಟ್ಟೆಗೆ ಹಾಕುತ್ತೇನೆಯೇ? ಮೇಲಿನ ಗೂಡೂ ಬೇಡ. ಅಲ್ಲಿ ಯಾರೋ ತಮ್ಮ ಗಂಟು ತಂದು ಒತ್ತುತ್ತಾರೆ.

ಟಿಕೆಟ್ಟು ತೆಗೆಸಿದವಳು ನನ್ನ ಮಗಳು ಶಾಂತಾ. ಕುಷ್ಟಗಿಯಲ್ಲಿ ಸರಕಾರಿ ಶಾಲೆಯ ಮಾಸ್ತರಿಣಿ, ದಿನಾ ನನ್ನ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಸೀಟಿನ ಕೆಳಗಿನ ಚೀಲ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಇರಬೇಕು ಎಂದು ಮೊಬೈಲು ನೋಡಿ ಹೇಳಿದಳು. ನಾನು ಟೇಪನ್ನು ನನ್ನ ಗೇಣಿಗೆ ಹಚ್ಚಿ ನೋಡಿ ಲೆಕ್ಕ ಹಿಡಿದೆ.

"ಗಾಲಿ ಇಲ್ಲದ್ದ ತಗೋಬೇ," ಅಂದಳು ಶಾಂತಾ. "ಗಾಲಿ ಒಳಗಿನ ಜಾಗಾ ತಿಂತಾವ."

ಮಾತು ಖರೆ. ಆದರೆ ಐವತ್ತು ವರ್ಷ ರೊಟ್ಟಿ ಬಡಿದ ಬಲಭುಜ ಈಗ ತಂಬಿಗೆ ಎತ್ತಿದರೂ ಕುಂಯ್ ಅನ್ನುತ್ತದೆ. ಚೀಲ ಹೊರಲು ಆಗುವುದಿಲ್ಲ.

"ಹಂಗಾರ ನಿಲ್ದಾಣದಾಗ ಗಾಲಿಕುರ್ಚಿ ಕೇಳತೀನಿ. ನೀನೂ ಕುಂಡ್ರು, ಚೀಲಾನೂ ತೊಡಿ ಮ್ಯಾಲ ಇಟ್ಕೋ."

"ಚೀಲಕ್ಕ ಗಾಲಿ ಇರಲಿ. ನನಗ ಬ್ಯಾಡ," ಅಂದೆ.

ಕೊಪ್ಪಳದ ಮೊದಲನೇ ಅಂಗಡಿಯವನು ರೊಟ್ಟಿ ಬಿಚ್ಚಿದ್ದನ್ನು ನೋಡಿ, "ಯವ್ವಾ, ಖಾನಾವಳಿ ಆಚೀಕಡಿ ಐತ್ರಿ," ಅಂದ.

"ಗೊತ್ತೈತಪಾ, ಅದನ್ನ ನಡಿಸಿದಾಕಿನ ನಾನು. ಚೀಲ ತಗಿ."

ಅವನ ಚೀಲಗಳಿಗೆ ನಾಲ್ಕು ಗಾಲಿ. ಸುತ್ತಲೂ ತಿರುಗುತ್ತವೆ, ಕುಡಿದವನ ಹಾಗೆ ಎತ್ತ ಬೇಕಾದರೂ ಹೋಗುತ್ತವೆ. ಆ ಗಾಲಿಗಳು ಹೊರಗೆ ಚಾಚಿ ಅಷ್ಟು ಎತ್ತರ ತಿನ್ನುತ್ತವೆ. ಬೇಡ ಅಂದೆ. ಎರಡನೇ ಅಂಗಡಿಯಲ್ಲಿ ಎರಡು ಗಾಲಿಯದು ಸಿಕ್ಕಿತು. ಅವನು ನುಣ್ಣನೆಯ ನೆಲದ ಮೇಲೆ ಓಡಿಸಿ ತೋರಿಸಿದ. ನುಣ್ಣನೆಯ ನೆಲದ ಮೇಲೆ ಬೋಗುಣಿಯೂ ಓಡುತ್ತದೆ. ರಸ್ತೆಗೆ ಒಯ್ದು ಜಲ್ಲಿಯ ಮೇಲೆ ಎಳೆದೆ. ಹತ್ತು ಹೆಜ್ಜೆಗೆ ಒಂದು ಗಾಲಿ ಕುಂಟಿತು. ಅಂಗಡಿಯವನು ನನ್ನನ್ನೇ ಬೈದ. ನಾನು ಚೀಲ ಅವನ ಕೈಗೆ ಕೊಟ್ಟು ಬಸ್ಸು ಹತ್ತಿದೆ.

ಗಂಗಾವತಿಯ ಅಂಗಡಿಯವನು ವಯಸ್ಸಾದವನು, ತಾಳ್ಮೆ ಇತ್ತು. ಅವನ ನೀಲಿ ಚೀಲ ಜಲ್ಲಿಯ ಮೇಲೆ ಬಗ್ಗದೆ ಓಡಿತು. ಒಳಗೆ ಅಂಗೈ ಆಡಿಸಿ ನೋಡಿದೆ. ಹಿಡಿಕೆಯ ಕಂಬಿಗಳು ತಳದ ಬಟ್ಟೆಯ ಕೆಳಗೆ ಎರಡು ಏಣಾಗಿ ಎದ್ದಿದ್ದವು. ನಡುವಿನ ತಗ್ಗಿಗೆ ಸೀರೆ ಮಡಚಿ ಹಾಕಿದರೆ ಸಮ ಆಗುತ್ತದೆ. ಆಮೇಲೆ ರೊಟ್ಟಿ ಇಳಿಸಿದೆ. ಇಳಿಯಲಿಲ್ಲ. ಉದ್ದಕ್ಕೆ ಜಾಗ ಬೇಕಾದಷ್ಟು ಇತ್ತು. ಅಗಲ ಮಾತ್ರ ಒಂದೂವರೆ ಗೇಣಿಗೆ ಸರಿಯಾಗಿ ನಿಂತಿತ್ತು. ಎರಡು ಬೆರಳು ಕಡಿಮೆ.

ಅಂಗಡಿಯವನು ರೊಟ್ಟಿ ನೋಡಿದ, ನನ್ನ ಮುಖ ನೋಡಿದ. "ಯವ್ವಾ, ಸೀಟಿನ ಕೆಳಗ ಹೋಗೂ ಚೀಲ ಇದಕ್ಕಿಂತ ಅಗಲ ಸಿಗಂಗಿಲ್ರಿ. ರೊಟ್ಟಿನ ಒಂದೀಟ ಸಣ್ಣದ ಮಾಡ್ರಲಾ."

ಅದೂ ಗಂಗಾವತಿಯಲ್ಲಿ! ನೀಲವ್ವ ಸಣ್ಣ ರೊಟ್ಟಿ ಮಾರಿದ ಊರಲ್ಲಿ! ಚೀಲ ಕಟ್ಟಿಕೊಡು ಅಂದೆ. ಗಾಲಿ ಛಲೋ ಇದ್ದವು ಎಂದು ಕೊಂಡೆನೋ, ಅವನ ಮಾತಿಗೆ ರೊಚ್ಚಿಗೆದ್ದು ಕೊಂಡೆನೋ, ಈಗಲೂ ಗೊತ್ತಿಲ್ಲ.

ಮನೆಗೆ ಬಂದು ರೊಟ್ಟಿಯನ್ನು ಓರೆ ಮಾಡಿ ನೋಡಿದೆ, ನಿಲ್ಲಿಸಿ ನೋಡಿದೆ. ತುಸು ಒತ್ತಿದೆ, ಪಟ್ ಎಂದು ಎರಡು ತುಂಡಾಯಿತು. ತುಂಡುಗಳನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಸಿಟ್ಟು ಬಂದಾಗ ಖಡಕ್ ರೊಟ್ಟಿಯಂಥ ಔಷಧವಿಲ್ಲ.

ಶಾಂತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಬೇ, ಎರಡ ಬೆರಳ ಸಣ್ಣದ ಬಡದ್ರ ನಿನ್ನ ಗಂಟೇನ ಹೋಗತೈತಿ? ಲಕ್ವ ಹೊಡದಾಕಿ ಗೇಣ ಹಚ್ಚಿ ನೋಡತಾಳೇನು?"

"ನೀಲವ್ವ ನೋಡತಾಳ," ಅಂದೆ. "ಸಣ್ಣದ ಒಯ್ದ್ರ, ಕಡೀಗೂ ಸಣ್ಣದ ಮಾಡಿದೆಲ್ಲಾ, ಅವತ್ತ ಮಾಡಿದ್ರ ಇಬ್ಬರೂ ಕೂಡಿ ಇರತಿದ್ವಿ ಅಂತಾಳ. ಆ ಮಾತಿಗೆ ನನ್ನ ಹಂತೇಕ ಜವಾಬ ಇಲ್ಲ."

ಶಾಂತಾ ಒಳಗೆ ಬಂದು ನೆಲಕ್ಕೆ ಬಿದ್ದ ರೊಟ್ಟಿಯ ಚೂರು ಆರಿಸಿದಳು. ಅಷ್ಟು ಹೇಳಬೇಕೆಂದು ನಾನೂ ಅಂದುಕೊಂಡಿರಲಿಲ್ಲ.

ನಿನ್ನೆ ಬೆಳಿಗ್ಗೆ ಶಾಂತಾ ಶಾಲೆಗೆ ಹೊರಟಳು. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯನ್ನು ತೆಗೆದುಕೊಂಡು, ನಡುವೆ ಪಲ್ಯ ಇಟ್ಟು, ಪಟ್ಟನೆ ಮಡಚಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ದಿನಾ ಹಾಗೆಯೇ ಮಾಡುತ್ತಾಳೆ. ನಾನು ಕೈಯಲ್ಲಿ ಹಿಟ್ಟು ಹಿಡಿದು ನೋಡುತ್ತಾ ಕುಳಿತೆ. ನನ್ನ ತಲೆ ಕೆಲವೊಮ್ಮೆ ಒದ್ದೆ ಕಟ್ಟಿಗೆಯ ಹಾಗೆ, ತಡವಾಗಿ ಹತ್ತುತ್ತದೆ.

ಬುತ್ತಿ! ಮನೆಯಲ್ಲಿ ಕುಂತವರಿಗೆ ಬಿಚ್ಚಿ ಹಾಕಬೇಕು. ದಾರಿಗೆ ಕಟ್ಟುವುದನ್ನು ಮಡಚಲೇಬೇಕು. ನಮ್ಮವ್ವನೂ ಮಡಚುತ್ತಿದ್ದಳು. ಇದು ದಿಲ್ಲಿಯವರೆಗಿನ ಬುತ್ತಿ.

ಬಿಸಿ ಇರುವಾಗಲೇ ಒಂದನ್ನು ಮಡಚಿ, ಒಲೆಗೆ ಆನಿಸಿ ಒಣಗಿಸಿ, ಚೀಲಕ್ಕೆ ಉದ್ದಕ್ಕೆ ಇಳಿಸಿದೆ. ಗೂಡಿಗೆ ಹಕ್ಕಿ ಕೂತ ಹಾಗೆ ಕೂತಿತು. ಮಡಿಕೆಯ ನೇರ ಅಂಚಿಗೆ ಗೇಣು ಹಾಕಿದೆ. ಒಂದೂವರೆ ಗೇಣು, ಅದರ ಮೇಲೆ ಎರಡು ಬೆರಳು. ಮಡಚಿದರೂ ರೊಟ್ಟಿಯ ಬೆನ್ನು ಒಂದು ಕೂದಲಿನಷ್ಟೂ ಕಡಿಮೆಯಾಗಿರಲಿಲ್ಲ.

ಇವತ್ತು ಮೂವತ್ತು ಬಡಿದು ಮುಗಿಸುತ್ತಿರುವಾಗ ಫೋನು ಬಂತು.

"ಯಕ್ಕಾ, ಸಣ್ಣ ಚೀಲ ತರಾಕತ್ತೀಯಂತ, ಶಾಂತಾ ಹೇಳಿದ್ಲು. ರೊಟ್ಟಿ ಸಣ್ಣದ ಬಡದೀ ಹೌದಿಲ್ಲೋ?"

"ಇಲ್ಲ."

"ಮತ್ತ ಹೆಂಗ ಹಿಡಿಸಿದಿ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಮಡಚೀನಿ," ಅಂದೆ.

ಆ ಕಡೆ ನಗು ಶುರುವಾಯಿತು. ಸೊಟ್ಟ ಬಾಯಿಯ ನಗು, ನಡುನಡುವೆ ಕೆಮ್ಮು. "ನಾ ಅವತ್ತ ಹೇಳಿದ್ದ ಅದನ್ನ ಅಲ್ಲೇನಬೇ!"

"ಅವತ್ತ ನೀ ಹೇಳಿದ್ದ ಕುಂತ ಉಣ್ಣಾವರಿಗೆ. ಇದು ಬುತ್ತಿ. ರೊಟ್ಟಿ ಬೆನ್ನಿಗೆ ಗೇಣ ಹಚ್ಚಿ ನೋಡು, ಎರಡ ಬೆರಳ ಕಮ್ಮಿ ಇದ್ರ ಅದ ವಿಮಾನ ಹತ್ತಿ ಹೊಳ್ಳಿ ಬರತೀನಿ."

ನಗು ನಿಂತಿತು.

"ಬಲಗೈ ಇಲ್ಲಲ್ಲಾ ಯಕ್ಕಾ," ಅಂದಳು. "ಎಡಗೈಲೆ ಹಚ್ಚತೀನಿ. ನೀ ಬಾ."

ಅವಳ ಬಲಗೈ ಗೇಣು ನನಗೆ ಗೊತ್ತಿತ್ತು, ನನ್ನದಕ್ಕಿಂತ ಅರ್ಧ ಬೆರಳು ಉದ್ದ. ಎಡಗೈಯದು ಎಷ್ಟಿದೆಯೋ ನೋಡಿಲ್ಲ. ಇನ್ನೂ ಉದ್ದವಿದ್ದರೆ ನನ್ನ ರೊಟ್ಟಿ ಕಡಿಮೆ ಬೀಳುತ್ತದೆ. ಯಾಕೆ ಬೇಕು ಎಂದು ಇನ್ನೊಂದು ಹಿಡಿ ಹಿಟ್ಟು ನಾದಿ, ಕಡೆಯ ನಾಲ್ಕು ರೊಟ್ಟಿಯನ್ನು ಒಂದು ಬೆರಳು ದೊಡ್ಡದಾಗಿಯೇ ಬಡಿದು, ಬಿಸಿಯಲ್ಲೇ ಮಡಚಿದೆ. ಒಣಗಿದ ಮೇಲೆ ಎಲ್ಲಕ್ಕೂ ಮೇಲೆ ಇಟ್ಟೆ. ಜಿಪ್ಪು ಮೂಲೆಯಲ್ಲಿ ತುಸು ಗೊಣಗಿತು. ಎಳೆದೆ, ಮುಚ್ಚಿತು. ಈಗ ಅಡಿಗೆಮನೆಯಲ್ಲಿ ಮತ್ತೆ ಜೋಳದ ವಾಸನೆ.