ತಾನಾಗಿ ಹೆಣೆದುಕೊಳ್ಳದ ಹಗ್ಗ

ನಮ್ಮ ಸೋದರತ್ತೆ ಹಗ್ಗದ ಕಾರ್ಖಾನೆಗೆ ಸೇರಿದಾಗ ಅವರಿಗೆ ಹತ್ತೊಂಬತ್ತು ವರ್ಷ. ಹಗ್ಗ ಹೊಸೆಯುವುದು ಯಂತ್ರದ ಕೆಲಸ. ಆದರೆ ಭಾರ ಎತ್ತುವ ದಪ್ಪ ಹಗ್ಗದ ತುದಿಗೆ ಕೊಕ್ಕೆ ಸಿಕ್ಕಿಸಲು ಒಂದು ಕುಣಿಕೆ ಬೇಕಲ್ಲ, ಅದನ್ನು ಕೈಯಲ್ಲೇ ಮಾಡಬೇಕು. ಗಂಟು ಹಾಕುವಂತಿಲ್ಲ, ಗಂಟು ಬಿದ್ದಲ್ಲಿ ಹಗ್ಗದ ಬಲ ಅರ್ಧಕ್ಕೆ ಇಳಿದುಬಿಡುತ್ತದೆ. ತುದಿಯ ಮೂರು ಹುರಿಗಳನ್ನು ಬಿಡಿಸಿ, ಹಗ್ಗವನ್ನು ಬಾಗಿಸಿ ತಂದು, ಚೂಪಾದ ಮರದ ಗೂಟದಿಂದ ಹಗ್ಗದ ಮೈಯನ್ನೇ ಅಗಲಿಸಿ, ಒಂದು ಹುರಿಯ ಮೇಲೆ, ಒಂದರ ಕೆಳಗೆ, ಹೀಗೆ ತೂರಿಸುತ್ತಾ ಹೆಣೆಯಬೇಕು. ಒಂದಲ್ಲ ಎರಡಲ್ಲ, ಐದು ಸುತ್ತು. ಅತ್ತೆ ಹೆಣೆದ ಕುಣಿಕೆಯಲ್ಲಿ ಹುರಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬೆರಳಾಡಿಸಿ ನೋಡಿದರೂ ತಿಳಿಯುತ್ತಿರಲಿಲ್ಲ. ಅವರ ಹೆಬ್ಬೆರಳು ಮಾತ್ರ ಒರಟಾಗಿ, ಬೆಂಕಿಕಡ್ಡಿ ಗೀರಬಹುದು ಎನ್ನುವಂತಾಗಿತ್ತು.

ಅವರು ಇಂಗ್ಲಿಷ್ ಕಲಿಯಲು ಹೊರಟದ್ದು ದೊಡ್ಡ ಆಸೆಯಿಂದೇನೂ ಅಲ್ಲ. ಪಾಳಿ ಮುಗಿಯುವುದು ಐದೂವರೆಗೆ, ನಮ್ಮ ಬಸ್ಸು ಬರುವುದು ಏಳೂಕಾಲಿಗೆ. ಕಾರ್ಖಾನೆಯ ಗೇಟಿನೆದುರಿಗೇ ಗ್ರಂಥಾಲಯ. ಅಲ್ಲಿ ಹೈಸ್ಕೂಲಿನಿಂದ ನಿವೃತ್ತರಾದ ಟೀಚರೊಬ್ಬರು ದೊಡ್ಡವರಿಗೆ ಸಂಜೆ ಒಂದು ಗಂಟೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು.

"ಬಸ್ ಸ್ಟಾಪಲ್ಲಿ ಕೂತು ನೊಣ ಹೊಡೆಯೋ ಬದಲು ಅಲ್ಲಿ ಕೂತರಾಯ್ತು. ಫ್ಯಾನಾದ್ರೂ ಇದೆ" ಎಂದರು ಅತ್ತೆ.

ಮಾವ ದರ್ಜಿ. ಮಾತಿನಲ್ಲೂ ಕತ್ತರಿ. "ಐವತ್ತರ ಮೇಲೆ ಇಂಗ್ಲಿಷ್ ಕಲಿತು ಯಾರ ಹತ್ರ ಜಗಳ ಆಡ್ತೀಯ?" ಎಂದರು.

"ನಮ್ಮ ಭಾಷೇಲಿ ನಿಮ್ಮ ಹತ್ರ ಆಡಿ ಮುಗೀತಲ್ಲ ರೀ" ಎಂದರು ಅತ್ತೆ.

ಆಗ ನಾನು ಅದೇ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಇಬ್ಬರಿಗೂ ಒಂದೇ ಬಸ್ಸು, ಹಾಗಾಗಿ ನಾನೂ ಹಿಂದಿನ ಬೆಂಚಿನಲ್ಲಿ ಕಾದಂಬರಿ ಹಿಡಿದು ಕೂರುತ್ತಿದ್ದೆ. ಡಿಗ್ರಿ ಮಾಡಿದವಳು, ನನಗೇನು ಪಾಠ ಎಂಬ ಜಂಬ.

ಟೀಚರ್ ದಿನಕ್ಕೊಂದು ಕ್ರಿಯಾಪದ ಕಲಿಸುತ್ತಿದ್ದರು. ಒಂದು ಸಂಜೆ ಬೋರ್ಡಿನ ಮೇಲೆ 'ಇಂಟರ್‌ಟ್ವೈನ್' ಎಂದು ಬರೆದರು.

"ಒಂದಕ್ಕೊಂದು ಹೆಣೆದುಕೊಳ್ಳೋದು. ಬಳ್ಳಿಗಳು ಹೆಣೆದುಕೊಳ್ಳುತ್ತವೆ. ಹಗ್ಗಗಳು ಹೆಣೆದುಕೊಳ್ಳುತ್ತವೆ" ಎಂದು ಅತ್ತೆಯ ಕಡೆ ನೋಡಿ ನಕ್ಕರು. ಹಗ್ಗದ ಉದಾಹರಣೆ ಕೊಟ್ಟದ್ದು ಅವರಿಗಾಗಿಯೇ.

ಅತ್ತೆ ಕೈ ಎತ್ತಿದರು. "ಬಳ್ಳಿ ಸರಿ ಟೀಚರಮ್ಮ. ಹಗ್ಗ ಮಾತ್ರ ತಾನಾಗಿ ಹೆಣೆದುಕೊಳ್ಳಲ್ಲ. ಮೂವತ್ತೆರಡು ವರ್ಷದಿಂದ ಕಾಯ್ತಾ ಇದೀನಿ, ಒಂದು ದಿನಾನೂ ಆ ಪುಣ್ಯ ಕಟ್ಟಿಕೊಂಡಿಲ್ಲ."

ಕ್ಲಾಸೆಲ್ಲ ನಕ್ಕಿತು. ಟೀಚರೂ ನಕ್ಕರು, ಆದರೆ ಮಾತನ್ನು ಅಲ್ಲಿಗೇ ಬಿಡಲಿಲ್ಲ. "ನೀವು ಹೇಳೋದು ಸರಿ. ಈ ಪದ ಎರಡು ಥರಾನೂ ನಡೆಯುತ್ತೆ. ತಾನಾಗಿ ಹೆಣೆದುಕೊಂಡರೂ ಇದೇ, ಇನ್ನೊಬ್ಬರು ಹೆಣೆದರೂ ಇದೇ. ಹೆಣೆಯೋರು ಯಾರಾದ್ರೂ ಇದ್ದರೆ ಅವರನ್ನು ವಾಕ್ಯದ ಮೊದಲಿಗೆ ತನ್ನಿ."

ಅತ್ತೆ ಪೆನ್ಸಿಲ್ ಒತ್ತಿ ಹಿಡಿದು ಬರೆದರು: 'ಐ ಇಂಟರ್‌ಟ್ವೈನ್ ದಿ ಸ್ಟ್ರಾಂಡ್ಸ್.' ನಾನು ಹುರಿಗಳನ್ನು ಹೆಣೆಯುತ್ತೇನೆ. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಈ 'ಐ' ಅನ್ನೋದು ಎಲ್ಲಿ ಬಂದರೂ ದೊಡ್ಡಕ್ಷರಾನೇನಾ?"

"ಎಲ್ಲಿ ಬಂದರೂ."

"ಒಳ್ಳೇದಾಯ್ತು ಬಿಡಿ."

ಇದಾಗಿ ನಾಲ್ಕೈದು ತಿಂಗಳಿಗೆ ಕಾರ್ಖಾನೆಯವರು ಬರೀ ಹಗ್ಗವನ್ನೂ ಮಾರತೊಡಗಿದರು. ಕುಣಿಕೆಯನ್ನು ಕೊಂಡವರೇ ಮಾಡಿಕೊಳ್ಳಬೇಕು. ಅದಕ್ಕೊಂದು ಇಂಗ್ಲಿಷ್ ಕರಪತ್ರ. ಬರೆದವರು ಮ್ಯಾನೇಜರು, ಟೈಪು ಮಾಡಿದವಳು ನಾನು. ಹೆಣೆಯುವ ಶೆಡ್ಡಿನಲ್ಲಿದ್ದ ಹನ್ನೊಂದು ಜನ ಹೆಂಗಸರನ್ನು ಒಂದು ಮಾತು ಕೇಳಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಎರಡೇ ತಿಂಗಳಲ್ಲಿ ದೂರು ಬಂತು. ದೂರದ ಒಂದು ಸರಕಿನ ಯಾರ್ಡಿನಲ್ಲಿ ಕುಣಿಕೆ ಜಾರಿ, ಹೆಂಚಿನ ಪೆಟ್ಟಿಗೆಯೊಂದು ಮೇಲಿನಿಂದ ಬಿದ್ದಿತ್ತು. ಸದ್ಯ, ಕೆಳಗೆ ಯಾರೂ ಇರಲಿಲ್ಲ. ಯಾರ್ಡಿನ ಅಧಿಕಾರಿಣಿಯೊಬ್ಬರು ಆ ಹಗ್ಗವನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿಳಿದರು. ನಮ್ಮ ಭಾಷೆ ಅವರಿಗೆ ಬಾರದು. ಹಗ್ಗವನ್ನು ಮೇಜಿನ ಮೇಲಿಟ್ಟು, "ನಿಮ್ಮ ಮಾಲು ಕಳಪೆ" ಎಂದು ಇಂಗ್ಲಿಷಿನಲ್ಲಿ ನೇರವಾಗಿಯೇ ಹೇಳಿದರು. ಮ್ಯಾನೇಜರ ಮುಖ ಹುಳ್ಳಗಾಯಿತು. ಶೆಡ್ಡಿನಿಂದ ಅತ್ತೆಯನ್ನು ಕರೆಸಿದರು.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಹಗ್ಗವನ್ನು ತಿರುವಿ ತಿರುವಿ ನೋಡಿದರು. "ಹಗ್ಗಕ್ಕೇನಾಗಿಲ್ಲ ಸರ್. ಒಂದೇ ಸುತ್ತು ತೂರಿಸಿ ಬಿಟ್ಟಿದ್ದಾರೆ. ಹೀಗೆ ಮಾಡಿ ಅಂತ ಯಾರು ಹೇಳಿದ್ದು ಇವರಿಗೆ?"

ಮ್ಯಾನೇಜರು ಅದನ್ನು ಇಂಗ್ಲಿಷಿನಲ್ಲಿ ಕೇಳಿದರು. ಅಧಿಕಾರಿಣಿ ನಮ್ಮ ಕರಪತ್ರವನ್ನೇ ಮುಂದೆ ಚಾಚಿದರು.

ಅತ್ತೆ ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು. ಒಂದು ಸುತ್ತು ಹುರಿ ತೂರಿಸಿ ಎಂದಾದ ಮೇಲೆ, ಮುಂದಿನ ವಾಕ್ಯದಲ್ಲಿ ಅದೇ 'ಇಂಟರ್‌ಟ್ವೈನ್': 'ಭಾರ ಬಿದ್ದಾಗ ಹುರಿಗಳು ಹಗ್ಗದೊಂದಿಗೆ ಹೆಣೆದುಕೊಳ್ಳುತ್ತವೆ.' ಪಾಪ, ಯಾರ್ಡಿನವರು ಹೇಳಿದಂತೆಯೇ ಮಾಡಿದ್ದರು. ಒಂದು ಸುತ್ತು ತೂರಿಸಿ, ಮಿಕ್ಕದ್ದನ್ನು ಹಗ್ಗಕ್ಕೇ ಬಿಟ್ಟಿದ್ದರು.

ಮ್ಯಾನೇಜರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಆ ಅಧಿಕಾರಿಣಿಯ ಕಡೆಗೆ ತಿರುಗಿ, ಒಂದೊಂದೇ ಪದವನ್ನು ನಿಧಾನವಾಗಿ ಇಟ್ಟು ಹೇಳಿದರು:

"ಮೇಡಂ. ಸ್ಟ್ರಾಂಡ್ಸ್ ಡೋಂಟ್ ಇಂಟರ್‌ಟ್ವೈನ್. ಯೂ ಇಂಟರ್‌ಟ್ವೈನ್ ದೆಮ್. ಫೈವ್ ಟೈಮ್ಸ್."

ಹುರಿಗಳು ಹೆಣೆದುಕೊಳ್ಳುವುದಿಲ್ಲ, ನೀವು ಹೆಣೆಯಬೇಕು, ಐದು ಸಲ. ಆ ಹೆಂಗಸು ಕರಪತ್ರವನ್ನು ಮತ್ತೊಮ್ಮೆ ಓದಿದರು, ಅತ್ತೆಯ ಮುಖ ನೋಡಿದರು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. "ತೋರಿಸಿ" ಎಂದರು.

ಅತ್ತೆ ಅಧಿಕಾರಿಣಿಯ ಕೈಗೇ ಗೂಟ ಕೊಟ್ಟರು. ಮೇಲೆ, ಕೆಳಗೆ, ಎಳೆಯಿರಿ, ತಿರುಗಿಸಿ. ಬೇಕಾದ ಇಂಗ್ಲಿಷ್ ಅಷ್ಟೇ, ಅಷ್ಟೂ ಅತ್ತೆಯ ಹತ್ತಿರವಿತ್ತು. ಅರ್ಧ ಗಂಟೆಯಲ್ಲಿ ಸೊಟ್ಟಗಾದರೂ ಒಂದು ಕುಣಿಕೆ ತಯಾರಾಯಿತು. ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿ ಎರಡು ಟನ್ ಜಗ್ಗಿದರೂ ಕದಲಲಿಲ್ಲ.

ಮ್ಯಾನೇಜರು ದೊಡ್ಡ ಮನಸ್ಸಿನವರು. "ತಪ್ಪು ಹಗ್ಗದ್ದಲ್ಲ, ನನ್ನ ಬರಹದ್ದು" ಎಂದು ಎಲ್ಲರೆದುರೇ ಒಪ್ಪಿಕೊಂಡರು. ನಾನು ಮಾತ್ರ ತಲೆ ತಗ್ಗಿಸಿ ನಿಂತಿದ್ದೆ.

ಬಸ್ಸಿನಲ್ಲಿ ಅತ್ತೆ ಕೇಳಿದರು. "ಅದನ್ನ ಟೈಪ್ ಮಾಡಿದ್ದು ನೀನೇನೇ?"

"ಹೂಂ ಅತ್ತೆ."

"ಆವತ್ತು ಕ್ಲಾಸಲ್ಲಿ ಇದ್ದೆಯಲ್ಲೇ?"

"ಕಾದಂಬರಿ ಓದ್ತಿದ್ದೆ."

"ಕಥೆ ಚೆನ್ನಾಗಿತ್ತಾ?" ಎಂದು ಕೇಳಿ ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ಕೊನೆಗೆ ನನಗೂ ನಗು ತಡೆಯಲಾಗಲಿಲ್ಲ.

ಹೊಸ ಕರಪತ್ರವನ್ನು ಮೂರು ಮಧ್ಯಾಹ್ನ ಕೂತು ಅತ್ತೆ ಹೇಳಿ ಬರೆಸಿದರು. ಅದರಲ್ಲಿ ಅವರ ಕೈಗಳ ಒಂಬತ್ತು ಫೋಟೋಗಳಿವೆ. ಮಾವ ಅದರ ಒಂದು ಪ್ರತಿಯನ್ನು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದರು. ಅಳತೆ ಕೊಡಲು ಬಂದವರೆಲ್ಲ, ಕೈ ಎತ್ತಿ ನಿಂತಿರುವಷ್ಟು ಹೊತ್ತು, ಅದನ್ನು ನೋಡಲೇಬೇಕಿತ್ತು. "ನಮ್ಮನೆಯವಳ ಕೈ" ಎನ್ನುತ್ತಿದ್ದರು, ಟೇಪು ಬಾಯಲ್ಲಿ ಕಚ್ಚಿಕೊಂಡೇ.

ಮರುವರ್ಷ ಆ ಯಾರ್ಡಿನಿಂದ ಆರು ಜನ ಗಂಡಸರು ಕಲಿಯಲು ಬಂದರು. ಅತ್ತೆ ಅವರ ಕುಣಿಕೆಗಳನ್ನು ಎರಡು ಸಲ ಬಿಚ್ಚಿಸಿದರು. ಮೂರನೆಯ ಸಲ ಒಂದೊಂದನ್ನೂ ಬೆರಳಾಡಿಸಿ ನೋಡಿ, "ಗುಡ್" ಎಂದರು. ಅತ್ತೆ ಆ ಮಾತನ್ನು ಸುಲಭಕ್ಕೆ ಆಡುವವರಲ್ಲ. ನನ್ನ ಟೈಪಿಂಗಿಗೆ ಇವತ್ತಿನವರೆಗೂ ಆಡಿಲ್ಲ.